ಅಪ್ಪನನ್ನು ದೂರದೆಯೂ ಈ ಕೀಳರಿಮೆಯಿಂದ ಹೊರಬರಬಹುದೇ?

ಪ್ರಶ್ನೆ: ನನಗೀಗ 38 ವರ್ಷ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸಹಕಾರಿ ಬ್ಯಾಂಕಿನ ಶಾಖೆಯೊಂದರ ಮ್ಯಾನೇಜರ್ ಆಗಿದ್ದೇನೆ. ನಮ್ಮ ತಂದೆಯವರದು ದಿನಸಿ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರಬೇಕಿತ್ತು. ಗಿರಾಕಿಗಳು ನಿಂತಿರುವಾಗಲೇ ಮಗ್ಗಿ ಕೇಳುತ್ತಿದ್ದರು. ತಡವರಿಸಿದರೆ ‘ಇವನ ತಲೇಲಿ ಮಣ್ಣು ತುಂಬಿದೆ, ಅಣ್ಣನ ಕಾಲಿನ ಧೂಳಿಗೂ ಸಮ ಇಲ್ಲ’ ಅಂತ ಎಲ್ಲರೆದುರು ಹೇಳೋರು. ಹೊಡೆದದ್ದು ಕಡಿಮೆ. ಅಣ್ಣ ಇಂಜಿನಿಯರಾಗಿ ಹೊರದೇಶದಲ್ಲಿದ್ದಾನೆ. ನಾನೂ ಬಿ.ಕಾಂ. ಫಸ್ಟ್ ಕ್ಲಾಸಿನಲ್ಲಿ ಮುಗಿಸಿ, ಪರೀಕ್ಷೆ ಬರೆದು ಕೆಲಸಕ್ಕೆ ಸೇರಿ, ಎರಡು ಬಡ್ತಿ ಪಡೆದೆ. ಆದರೂ ಒಳಗೊಳಗೇ ‘ನಾನು ಈ ಕುರ್ಚಿಗೆ ಲಾಯಕ್ಕಲ್ಲ, ಒಂದಲ್ಲ ಒಂದು ದಿನ ಬಯಲಾಗುತ್ತೆ’ ಎಂಬ ಭಯ. ಪ್ರತಿ ಸಾಲದ ಫೈಲನ್ನೂ ಮೂರು ನಾಲ್ಕು ಸಲ ನೋಡುತ್ತೇನೆ. ಸಿಬ್ಬಂದಿ ಆರಕ್ಕೆ ಹೊರಟರೆ ನಾನು ಮನೆ ಸೇರುವುದು ಒಂಬತ್ತಕ್ಕೆ. ಪ್ರಧಾನ ಕಚೇರಿಯ ಸಭೆಗಳಲ್ಲಿ ಬಾಯಿ ಬಿಡುವುದಿಲ್ಲ. ಹೋದ ತಿಂಗಳು ಐದನೇ ಕ್ಲಾಸಿನ ಮಗಳು ಗಣಿತದಲ್ಲಿ 50ಕ್ಕೆ 41 ತಂದಾಗ ‘ಉಳಿದ ಒಂಬತ್ತು ಎಲ್ಲಿ ಹೋಯ್ತು’ ಎಂದು ಕೂಗಾಡಿಬಿಟ್ಟೆ. ಅವಳ ಮುಖ ನೋಡಿ ನನಗೇ ಹೆದರಿಕೆಯಾಯಿತು. ಥೆರಪಿಗೆ ಹೋಗಿ ಎಂದು ಹೆಂಡತಿ ಹೇಳುತ್ತಿದ್ದಾಳೆ. ತಂದೆಗೆ 74, ನಮ್ಮ ಜೊತೆಯಲ್ಲೇ ಇದ್ದಾರೆ. ಅವರು ಕೆಟ್ಟವರಲ್ಲ ಮೇಡಂ. ಈ ವಯಸ್ಸಿನಲ್ಲಿ ಅವರನ್ನು ದೂರುವುದಕ್ಕೆ ದುಡ್ಡು ಕೊಟ್ಟು ಎಲ್ಲಿಗೋ ಹೋಗಬೇಕೇ? ಮೂವತ್ತು ವರ್ಷ ಹಿಂದಿನದು ಈಗ ಮಾತಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗಿ. ಆದರೆ ಅಪ್ಪನನ್ನು ದೂರುವುದಕ್ಕಲ್ಲ. ಥೆರಪಿ ಎಂದರೆ ಬಾಲ್ಯವನ್ನು ಕೆದಕಿ ಅಳುವುದು ಎಂಬ ಕಲ್ಪನೆ ನಮ್ಮಲ್ಲಿ ಬಹಳ ಜನಕ್ಕಿದೆ. ನಿಮ್ಮ ಪತ್ರದಲ್ಲೂ ಅದು ಇಣುಕಿದೆ. ನಿಮ್ಮಂಥವರ ಜೊತೆ ನಡೆಯುವ ಕೆಲಸದ ಬಹುಪಾಲು ಇವತ್ತಿನ ಬಗ್ಗೆ ಇರುತ್ತದೆ. ಸಂಜೆ ಆರರಿಂದ ಒಂಬತ್ತರವರೆಗೆ ನೀವು ಬ್ಯಾಂಕಿನಲ್ಲಿ ಒಬ್ಬರೇ ಕೂತು ಮಾಡುತ್ತೀರಲ್ಲ, ಅದರ ಬಗ್ಗೆ. ಮೂವತ್ತು ವರ್ಷದ ಹಿಂದೆ ಅಂಗಡಿಯಲ್ಲಿ ಆದದ್ದು ಇನ್ನೂ ಉಸಿರಾಡುತ್ತಿರುವುದು ಆ ಮೂರು ಗಂಟೆಗಳಿಂದಲೇ.

ಅಂಗಡಿಯಿಂದಲೇ ಶುರು ಮಾಡೋಣ. ಎಂಟು ವರ್ಷದ ಹುಡುಗನಿಗೆ ‘ಅಪ್ಪನಿಗೆ ಇವತ್ತು ಉದ್ರಿ ವಸೂಲಾಗಿಲ್ಲ, ಅದಕ್ಕೇ ಸಿಡುಕು’ ಎಂದು ಯೋಚಿಸಲು ಬರುವುದಿಲ್ಲ. ಅವನಿಗೆ ಕಾಣುವುದು ಇಷ್ಟೇ: ಅಪ್ಪ ಎಲ್ಲ ಬಲ್ಲವರು, ಅಪ್ಪ ಹೀಗೆನ್ನುತ್ತಾರೆ, ಎದುರಿಗಿದ್ದವರು ನಗುತ್ತಾರೆ. ಅಂದಮೇಲೆ ನಾನು ದಡ್ಡನೇ ಇರಬೇಕು. ಈ ತೀರ್ಮಾನದಲ್ಲಿ ಮಗುವಿಗೊಂದು ಲಾಭವೂ ಇದೆ. ತಪ್ಪು ಅಪ್ಪನದು ಎಂದುಕೊಂಡರೆ ಅವನ ಕೈಲಿ ಆಗುವುದು ಏನೂ ಇಲ್ಲ. ಆ ಮನೆಯಲ್ಲೇ ಬೆಳೆಯಬೇಕು, ಅವರ ಅನ್ನವನ್ನೇ ಉಣ್ಣಬೇಕು. ತಪ್ಪು ತನ್ನದು ಎಂದುಕೊಂಡರೆ ಇನ್ನೂ ಚೆನ್ನಾಗಿ ಮಗ್ಗಿ ಕಲಿತು ಅಪ್ಪನನ್ನು ಮೆಚ್ಚಿಸುವ ಆಸೆಯಾದರೂ ಉಳಿಯುತ್ತದೆ. ಮಕ್ಕಳು ಬಹುಮಟ್ಟಿಗೆ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಆಗ ಅದು ಜಾಣತನವೇ.

ಇನ್ನೊಂದು ಮಾತು. ಹೊಡೆದದ್ದು ಕಡಿಮೆ ಎಂದು ಬರೆದಿದ್ದೀರಿ, ಅಪ್ಪನ ಪರವಾಗಿ. ಒಪ್ಪುತ್ತೇನೆ. ಆದರೆ ನಿಮ್ಮ ವಿಷಯದಲ್ಲಿ ಆಳಕ್ಕೆ ಇಳಿದಿರುವುದು ಏಟಿಗಿಂತ ಹೆಚ್ಚಾಗಿ ಗಿರಾಕಿಗಳ ಕಣ್ಣು. ನಾಚಿಕೆ ಕಲಿಯಲು ನೋಡುವವರು ಬೇಕು, ನಿಮ್ಮ ಅಂಗಡಿಯಲ್ಲಿ ದಿನವೂ ಸಂಜೆ ನೋಡುವವರಿದ್ದರು. ನಾಲ್ಕು ಜನ ಕೂತಿರುವ ಸಭೆಯಲ್ಲಿ ನಿಮ್ಮ ನಾಲಿಗೆ ಏಳದೆ ಇರುವುದು, ಒಬ್ಬರೇ ಇರುವಾಗ ಅದೇ ವಿಷಯ ಸಲೀಸಾಗಿ ಬರುವುದು ಇದಕ್ಕೇ.

ಕೀಳರಿಮೆಯನ್ನು ಮನಃಶಾಸ್ತ್ರದ ನಡುಮನೆಗೆ ತಂದವರು ವಿಯೆನ್ನಾದ ಆಲ್ಫ್ರೆಡ್ ಆಡ್ಲರ್. 1870ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ರಿಕೆಟ್ಸ್ ಎಂಬ ಮೂಳೆ ಮೆತ್ತಗಾಗುವ ಕಾಯಿಲೆ ಇತ್ತು, ನ್ಯುಮೋನಿಯಾದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಎಲ್ಲ ಮಕ್ಕಳೂ ದೊಡ್ಡವರ ನಡುವೆ ತಾವು ಸಣ್ಣವರು ಎಂದುಕೊಂಡೇ ಬೆಳೆಯುತ್ತಾರೆ, ಅದು ರೋಗವಲ್ಲ, ಮುಂದೆ ಹೋಗಲು ತಳ್ಳುವುದೂ ಅದೇ ಎಂಬುದು ಅವರ ವಾದ. ಆ ಭಾವನೆ ಗಟ್ಟಿಯಾಗಿ ಕೂತು, ಅದನ್ನು ಮುಚ್ಚಿಡುವುದೇ ಬದುಕಿನ ಉದ್ದೇಶವಾದಾಗ ತೊಂದರೆ. ಆಡ್ಲರ್ ಹೇಳಿದ್ದರಲ್ಲಿ ಈಗ ಚಲಾವಣೆಯಲ್ಲಿಲ್ಲದ್ದು ಎಷ್ಟೋ ಇದೆ, ಈ ಒಂದು ಮಾತು ಮಾತ್ರ ಇವತ್ತಿಗೂ ನಿಲ್ಲುತ್ತದೆ.

ನಿಮ್ಮನ್ನು ನಿಜಕ್ಕೂ ಕಾಡುತ್ತಿರುವ ಪ್ರಶ್ನೆ ಬೇರೆ, ಅದನ್ನು ನೀವು ಪತ್ರದಲ್ಲಿ ನೇರವಾಗಿ ಕೇಳಿಲ್ಲ. ಫಸ್ಟ್ ಕ್ಲಾಸ್ ಬಂತು, ಕೆಲಸ ಬಂತು, ಎರಡು ಬಡ್ತಿ ಬಂತು. ಇಷ್ಟಾದರೂ ಆ ಹಳೆಯ ಮಾತು ಸುಳ್ಳೆಂದು ಮನಸ್ಸಿಗೆ ಯಾಕೆ ಅನಿಸುತ್ತಿಲ್ಲ? 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು ಇದನ್ನೇ ಬರೆದರು. ಓದಿನಲ್ಲಿ, ವೃತ್ತಿಯಲ್ಲಿ ಹೆಸರು ಮಾಡಿದ 150ಕ್ಕೂ ಹೆಚ್ಚು ಮಹಿಳೆಯರನ್ನು ಅವರು ನೋಡಿದ್ದರು. ತಾವು ಎಲ್ಲರನ್ನೂ ಏಮಾರಿಸುತ್ತಿದ್ದೇವೆ, ಒಂದು ದಿನ ಸಿಕ್ಕಿಬೀಳುತ್ತೇವೆ ಎಂಬ ಭಯ ಆ ಮಹಿಳೆಯರಲ್ಲಿತ್ತು. ಈಗ ‘ಇಂಪೋಸ್ಟರ್ ಸಿಂಡ್ರೋಮ್’ ಎಂದು ಎಲ್ಲೆಡೆ ಓಡಾಡುತ್ತಿರುವ ಮಾತಿನ ಮೂಲ ಇದು, ಕ್ಲಾನ್ಸ್ ಮತ್ತು ಐಮ್ಸ್ ಮಾತ್ರ ಅದನ್ನು ಸಿಂಡ್ರೋಮ್, ಅಂದರೆ ಕಾಯಿಲೆಯ ಲಕ್ಷಣಗಳ ಗುಂಪು, ಎಂದು ಕರೆದಿರಲಿಲ್ಲ. ಅವರು ಗುರುತಿಸಿದ ಚಕ್ರ ಹೀಗಿದೆ: ಹೊಸ ಕೆಲಸ ಬಂದಾಗ ಭಯ, ಭಯದಿಂದ ಅಗತ್ಯಕ್ಕಿಂತ ಹೆಚ್ಚು ದುಡಿಮೆ, ದುಡಿಮೆಯಿಂದ ಗೆಲುವು. ಗೆದ್ದ ಮೇಲೆ ಮನಸ್ಸು ಹೇಳುವುದು ‘ನನಗೆ ಬರುತ್ತೆ’ ಎಂದಲ್ಲ, ‘ಅಷ್ಟು ಒದ್ದಾಡಿದ್ದಕ್ಕೆ ಬಚಾವಾದೆ’ ಎಂದು.

ನೀವು ಬ್ಯಾಂಕಿನವರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ನಿಮಗೆ ಬರುವ ಪ್ರತಿಯೊಂದು ಜಮೆಯೂ ನಿಮ್ಮ ಹೆಸರಿನ ಖಾತೆಗೆ ಹೋಗದೆ ‘ಮೂರು ಸಲ ಪರಿಶೀಲನೆ’ ಎಂಬ ಬೇರೊಂದು ಖಾತೆಗೆ ಹೋಗುತ್ತಿದೆ. ಇಪ್ಪತ್ತು ವರ್ಷ ದುಡಿದರೂ ನಿಮ್ಮ ಪಾಸ್‌ಬುಕ್ಕಿನಲ್ಲಿ ಬ್ಯಾಲೆನ್ಸ್ ಕಾಣುವುದಿಲ್ಲ. ಮೂರನೇ ಬಡ್ತಿ ಬಂದರೂ ಅಷ್ಟೇ.

ಆದ್ದರಿಂದ ಸಾಧನೆ ಈ ಭಾವನೆಗೆ ಮದ್ದಲ್ಲ. ಹೊಗಳಿಕೆಯೂ ಅಲ್ಲ. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಕನ್ನಡಿ ಮುಂದೆ ನಿಂತು ‘ನಾನು ಸಮರ್ಥ, ನಾನು ಶ್ರೇಷ್ಠ’ ಎಂದು ಹೇಳಿಸುತ್ತಾರಲ್ಲ, ಅದರ ಬಗ್ಗೆ ನನಗೆ ಮೊದಲಿಂದಲೂ ಅಸಮಾಧಾನ. 2009ರಲ್ಲಿ ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ತಮ್ಮ ಬಗ್ಗೆ ಈಗಾಗಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಇಂಥ ವಾಕ್ಯ ಹೇಳಿಕೊಂಡರೆ ಸ್ವಲ್ಪ ಹಿತವಾಗುತ್ತಿತ್ತು. ಸ್ವಾಭಿಮಾನ ಕಡಿಮೆ ಇದ್ದವರು ಹೇಳಿಕೊಂಡರೆ, ಹೇಳಿಕೊಳ್ಳದೆ ಇದ್ದದ್ದಕ್ಕಿಂತ ಹೆಚ್ಚು ಕುಗ್ಗುತ್ತಿದ್ದರು. ಒಳಗಿನ ದನಿ ಆ ಕ್ಷಣವೇ ‘ಯಾರಿಗೆ ಹೇಳ್ತಿದ್ದೀಯ’ ಎಂದು ಜಗಳಕ್ಕೆ ನಿಲ್ಲುತ್ತದೆ. ಯಾರಿಗೆ ಬೇಕೋ ಅವರಿಗೇ ಕೆಲಸ ಮಾಡದ ಔಷಧಿ ಅದು.

ಹಾಗಾದರೆ ಥೆರಪಿಯಲ್ಲಿ ಮಾಡುವುದೇನು? ಮೊದಲ ಎರಡು ಮೂರು ಸೆಷನ್ ಕೇಳುವುದು, ವಿಚಾರಿಸುವುದರಲ್ಲೇ ಕಳೆಯುತ್ತದೆ. ನಿದ್ದೆ, ಊಟ, ಕುಡಿತ, ಆರೋಗ್ಯ ಎಲ್ಲ ಕೇಳುತ್ತಾರೆ. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಮಂಕಾಗಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲದಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ಬದುಕಿ ಏನು ಪ್ರಯೋಜನ ಎನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಆಗ ಮನೋವೈದ್ಯರನ್ನೂ ಕಾಣಬೇಕು, ಮಾತ್ರೆಯೂ ಬೇಕಾಗಬಹುದು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ, ಆದರೂ ಕೇಳಿದಾಗ ಮುಚ್ಚಿಡದೆ ಹೇಳಿ. ಬರೀ ಕೀಳರಿಮೆಗೆ ಮಾತ್ರೆ ಇಲ್ಲ.

ಆಮೇಲೆ ಒಂದು ನಕ್ಷೆ ಬರೆಯುತ್ತೇವೆ, ಬಿಳಿ ಹಾಳೆಯ ಮೇಲೆ, ಇಬ್ಬರೂ ಕೂತು. ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಫಿಲಡೆಲ್ಫಿಯಾದ ಏರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಪದ್ಧತಿ. ಅದನ್ನು ಸ್ವಾಭಿಮಾನದ ಸಮಸ್ಯೆಗೆ ಹೊಂದಿಸಿ 1997ರಲ್ಲಿ ಬ್ರಿಟನ್ನಿನ ಮೆಲನಿ ಫೆನೆಲ್ ಒಂದು ಮಾದರಿ ಕೊಟ್ಟರು, ನಾನು ಹೆಚ್ಚಾಗಿ ಬಳಸುವುದು ಅದನ್ನು. ಎಲ್ಲಕ್ಕೂ ಕೆಳಗೆ ಒಂದು ತೀರ್ಪು: ‘ನಾನು ದಡ್ಡ.’ ಅದರ ಮೇಲೆ ಅದರೊಂದಿಗೆ ಏಗಲು ಮಾಡಿಕೊಂಡ ನಿಯಮಗಳು: ‘ಎಲ್ಲವನ್ನೂ ಮೂರು ಸಲ ನೋಡಿದರೆ ಬಚಾವ್’, ‘ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತೆ.’ ನಿಯಮ ಪಾಲಿಸಿದಷ್ಟು ದಿನ ಎಲ್ಲ ತಣ್ಣಗಿರುತ್ತದೆ. ನಿಯಮ ಮುರಿಯುವ ಸಂದರ್ಭ ಬಂದಾಗ, ಅಂದರೆ ಆಡಿಟ್ ಬಂದಾಗಲೋ ಸಭೆಯಲ್ಲಿ ಯಾರೋ ನಿಮ್ಮತ್ತ ತಿರುಗಿ ಕೇಳಿದಾಗಲೋ, ಎದೆ ಹೊಡೆದುಕೊಳ್ಳತೊಡಗುತ್ತದೆ. ಈ ನಕ್ಷೆಯನ್ನು ಹಾಳೆಯಲ್ಲಿ ನೋಡಿದ ಎಷ್ಟೋ ಜನ ಸ್ವಲ್ಪ ಹೊತ್ತು ಮಾತಾಡದೆ ಕೂರುತ್ತಾರೆ. ಸ್ವಭಾವ ಎಂದುಕೊಂಡದ್ದು ಒಂದು ವ್ಯವಸ್ಥೆ ಎಂದು ಗೊತ್ತಾಗುವುದೇ ಅವರಿಗೆ ಹೊಸದು.

ನಿಜವಾದ ಕೆಲಸ ಶುರುವಾಗುವುದು ನಿಯಮಗಳನ್ನು ಪರೀಕ್ಷೆಗೆ ಒಡ್ಡುವಲ್ಲಿ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಜನ ಥೆರಪಿಯಲ್ಲಿ ಇದನ್ನು ನಿರೀಕ್ಷಿಸಿರುವುದಿಲ್ಲ.

ನೀವು ನನ್ನೆದುರು ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಸಾಲದ ಫೈಲನ್ನು ಒಂದೇ ಸಲ ನೋಡಿ ಎಂದು ನಾನು ಹೇಳುವುದಿಲ್ಲ. ಬ್ಯಾಂಕಿನಲ್ಲಿ ಪರಿಶೀಲನೆ ನಿಯಮದಲ್ಲೇ ಇದೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಲೇಬೇಕು. ಆದರೆ ನಾಲ್ಕನೇ ಸಲ ನೋಡಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಹಾಗಾಗಿ ತಪ್ಪಾದರೂ ಯಾರಿಗೂ ನಷ್ಟವಾಗದ ಒಂದು ಕೆಲಸ ಆರಿಸುತ್ತೇವೆ. ಪ್ರಧಾನ ಕಚೇರಿಗೆ ಕಳಿಸುವ ಯಾವುದಾದರೂ ಮಾಮೂಲಿ ವರದಿ ಇರಲಿ. ಈ ವಾರ ಅದನ್ನು ಒಂದೇ ಸಲ ನೋಡಿ ಕಳಿಸಬೇಕು. ಕಳಿಸುವ ಮುಂಚೆ ನಿಮ್ಮ ಭವಿಷ್ಯವಾಣಿಯನ್ನು ಬರೆದಿಡಬೇಕು. ‘ತಪ್ಪು ಸಿಗುತ್ತೆ. ಮೇಲಿನವರು ಫೋನ್ ಮಾಡ್ತಾರೆ. ಇವರನ್ನ ಯಾರು ಮ್ಯಾನೇಜರ್ ಮಾಡಿದ್ದು ಅಂತ ಕೇಳ್ತಾರೆ. ನೂರಕ್ಕೆ 80 ಹೀಗೇ ಆಗೋದು.’ ಮುಂದಿನ ವಾರ ಆ ಚೀಟಿ ತನ್ನಿ, ಏನಾಯಿತೆಂದು ನೋಡೋಣ.

ಏನೂ ಆಗಿರುವುದಿಲ್ಲ ಎಂದು ನಾನು ಮಾತು ಕೊಡುವುದಿಲ್ಲ. ಒಮ್ಮೊಮ್ಮೆ ತಪ್ಪು ಸಿಗುತ್ತದೆ, ಫೋನೂ ಬರುತ್ತದೆ. ‘ಆ ಕಾಲಂನಲ್ಲಿ ಅಂಕಿ ತಪ್ಪಿದೆ ಸರ್, ತಿದ್ದಿ ಕಳಿಸಿ’ ಎನ್ನುತ್ತಾರೆ, ಫೋನ್ ಇಡುತ್ತಾರೆ. ಯಾರು ಮ್ಯಾನೇಜರ್ ಮಾಡಿದ್ದು ಎಂಬ ಪ್ರಶ್ನೆ ಬರಲಿಲ್ಲವಲ್ಲ? ಚಿಕಿತ್ಸೆಯ ದೃಷ್ಟಿಯಿಂದ ತಪ್ಪೇ ಸಿಗದ ವಾರಕ್ಕಿಂತ ಇಂಥ ವಾರ ಹೆಚ್ಚು ಬೆಲೆಬಾಳುವಂಥದ್ದು. ತಪ್ಪಾಯಿತು, ಜನ ನೋಡಿದರು, ಆಮೇಲೂ ನೀವು ನೀವಾಗಿಯೇ ಇದ್ದೀರಿ ಎಂಬುದು ಅಂಗಡಿಯ ಹುಡುಗನಿಗೆ ಒಮ್ಮೆಯೂ ಸಿಗದ ಅನುಭವ.

ಹೀಗೆ ಮೆಟ್ಟಿಲು ಏರಿಸುತ್ತ ಹೋಗುತ್ತೇವೆ. ಸಭೆಯಲ್ಲಿ ಒಂದು ಪ್ರಶ್ನೆ ಕೇಳುವುದು. ಸಿಬ್ಬಂದಿಯ ಎದುರು ‘ಇದು ನನಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎನ್ನುವುದು. ವಾರದಲ್ಲಿ ಎರಡು ದಿನ ಏಳು ಗಂಟೆಗೆ ಬೀಗ ಹಾಕುವುದು. ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಇಡಬೇಕು: ದಿನವೂ, ಆ ತೀರ್ಪಿಗೆ ಹೊಂದದ ಒಂದೇ ಒಂದು ಸಂಗತಿ. ‘ಗ್ರಾಹಕರೊಬ್ಬರ ಬಡ್ಡಿ ಲೆಕ್ಕದ ಗೊಂದಲ ಹತ್ತು ನಿಮಿಷದಲ್ಲಿ ಬಿಡಿಸಿದೆ’ ಎಂಬಷ್ಟು ಚಿಕ್ಕದು ಸಾಕು. ಮೊದಲ ವಾರಗಳಲ್ಲಿ ‘ಬರೆಯೋಕೆ ಏನೂ ಇರಲಿಲ್ಲ’ ಎನ್ನುತ್ತಾರೆ. ಇರಲಿಲ್ಲವೆಂದಲ್ಲ, ಕಾಣುತ್ತಿರಲಿಲ್ಲ. ಪೂರ್ವಗ್ರಹ ಇರುವವರು ಇನ್ನೊಬ್ಬರ ಗುಣವನ್ನು ನೋಡಿಯೂ ನೋಡದಂತೆ ಇರುತ್ತಾರಲ್ಲ, ನಿಮ್ಮ ಬಗ್ಗೆ ನೀವೇ ಹಾಗೆ ಇದ್ದೀರಿ.

ಒಂದು ಎಚ್ಚರಿಕೆ, ಇದು ನಿಮಗೆ ಖಂಡಿತ ಎದುರಾಗುತ್ತದೆ. ನಿಮ್ಮಂಥವರು ಥೆರಪಿಯಲ್ಲೂ ಒಳ್ಳೆಯ ವಿದ್ಯಾರ್ಥಿಗಳಾಗಿಬಿಡುತ್ತಾರೆ. ನೋಟ್‌ಬುಕ್‌ಗೆ ಬೈಂಡ್ ಹಾಕಿಸಿ, ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದು ತರುತ್ತಾರೆ. ‘ಸರಿಯಾಗಿದೆಯಾ ಮೇಡಂ?’ ಎಂದು ಮುಖ ನೋಡುತ್ತಾರೆ. ಆಗ ನಾನು ತಕ್ಕಡಿಯ ಹಿಂದೆ ಕೂತ ಅಪ್ಪ! ಇದು ಗೊತ್ತಾದಾಗ ನಾನು ಹೇಳುವುದು, ಮುಂದಿನ ವಾರ ಅರ್ಧ ಮಾಡಿ ಬನ್ನಿ, ಕಾಟು ಗೀಟು ಇರಲಿ ಎಂದು. ಅದು ಅವರಿಗೆ ಸಭೆಯಲ್ಲಿ ಮಾತಾಡುವುದಕ್ಕಿಂತ ಕಷ್ಟ. ಥೆರಪಿಸ್ಟ್ ಹೇಳಿದ್ದು ಇಷ್ಟವಾಗದಿದ್ದರೆ ತಲೆಯಾಡಿಸದೆ ಹಾಗೆಂದು ಹೇಳಿ, ಅದೂ ಚಿಕಿತ್ಸೆಯೇ.

ಕೆಲವರಿಗೆ ಇಷ್ಟರಲ್ಲೇ ಸಾಕಾಗುತ್ತದೆ. ವಾರಕ್ಕೊಂದರಂತೆ 12ರಿಂದ 20 ಸೆಷನ್, ಒಂದೊಂದು 45-50 ನಿಮಿಷ. ಇನ್ನು ಕೆಲವರು ‘ಬುದ್ಧಿಗೆ ಗೊತ್ತಾಯ್ತು, ಹೊಟ್ಟೆಯೊಳಗಿನ ಸಂಕಟ ಹೋಗ್ತಿಲ್ಲ’ ಎನ್ನುತ್ತಾರೆ. ಅಂಥವರಿಗಾಗಿ ಬೆಕ್ ಅವರ ಬಳಿ ತರಬೇತಾದ ಜೆಫ್ರಿ ಯಂಗ್ ಸ್ಕೀಮಾ ಥೆರಪಿ ಎಂಬುದನ್ನು ಬೆಳೆಸಿದರು. ಬಾಲ್ಯದಲ್ಲಿ ಬೇರುಬಿಡುವ 18 ಬಗೆಯ ನಂಬಿಕೆಯ ಅಚ್ಚುಗಳನ್ನು ಅವರು ಪಟ್ಟಿ ಮಾಡಿದ್ದಾರೆ. ‘ನನ್ನಲ್ಲೇ ಐಬಿದೆ’ ಎಂಬುದು ಒಂದು, ‘ನಾನು ಸೋಲುವವನೇ’ ಎಂಬುದು ಇನ್ನೊಂದು. ಇದು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಹಳೆಯ ನೆನಪಿನೊಳಗೆ ಹೋಗುವ ಕೆಲಸ ಬರುವುದು ಇಲ್ಲಿ.

ಅದು ಹೇಗಿರುತ್ತದೆ ಎಂದು ಸ್ವಲ್ಪ ಹೇಳಿದರೆ ಹೆದರಿಕೆ ಕಡಿಮೆಯಾದೀತು. ಕಣ್ಣು ಮುಚ್ಚಿ ಕೂರುತ್ತೀರಿ. ಇದು ಸಮ್ಮೋಹನವಲ್ಲ, ಪೂರ್ತಿ ಎಚ್ಚರದಲ್ಲಿರುತ್ತೀರಿ. ಥೆರಪಿಸ್ಟ್ ಕೇಳುತ್ತಾರೆ: ಎಲ್ಲಿ ನಿಂತಿದ್ದೀರಿ? ‘ಬೆಲ್ಲದ ಡಬ್ಬಿ ಪಕ್ಕ.’ ವಯಸ್ಸೆಷ್ಟು? ‘ಮೂರನೇ ಕ್ಲಾಸು.’ ಅಂಗಡಿಯಲ್ಲಿ ಯಾರಿದ್ದಾರೆ? ‘ಇಬ್ಬರು ಹೆಂಗಸರು, ಒಬ್ಬ ನಗ್ತಿದಾನೆ.’ ಅಪ್ಪ ಏನನ್ನುತ್ತಿದ್ದಾರೆ? ‘ಹದಿನಾಲ್ಕರ ಮಗ್ಗಿ.’ ಈಗ 38 ವರ್ಷದ ನೀವು ಆ ಅಂಗಡಿಗೆ ಬನ್ನಿ. ಹುಡುಗನನ್ನು ನೋಡಿ. ಅವನಿಗೆ ಏನು ಬೇಕಾಗಿದೆ? ಇಲ್ಲಿ ಜನ ಅಪ್ಪನ ಮೇಲೆ ಎಗರಿ ಬೀಳುತ್ತಾರೆ ಎಂದುಕೊಳ್ಳಬೇಡಿ. ಹೆಚ್ಚಿನವರು ಕೇಳಿಕೊಳ್ಳುವುದು ತೀರಾ ಸಣ್ಣದು. ‘ಅವನನ್ನ ಅಲ್ಲಿಂದ ಹೊರಗೆ ಕರ್ಕೊಂಡು ಹೋದ್ರೆ ಸಾಕು.’ ‘ಆಯ್ತು ಬಿಡಪ್ಪ, ಹುಡುಗ ಕಲೀತಾನೆ ಅಂತ ಯಾರಾದ್ರೂ ಹೇಳಿದ್ರೆ ಸಾಕಿತ್ತು.’ ಹಾಗಾದರೆ ನೀವೇ ಹೇಳಿ, ಎನ್ನುತ್ತಾರೆ ಥೆರಪಿಸ್ಟ್.

ನಡೆದದ್ದು ಇದರಿಂದ ಬದಲಾಗುವುದಿಲ್ಲ, ನಡೆದದ್ದೇನೆಂದು ನೀವು ಮರೆಯುವುದೂ ಇಲ್ಲ. ಆ ನೆನಪಿಗೆ ಅಂಟಿಕೊಂಡ ಅರ್ಥ ಸಡಿಲವಾಗುತ್ತದೆ. ‘ನಾನು ದಡ್ಡ’ ಎಂಬುದರ ಜಾಗದಲ್ಲಿ ‘ಆ ಹುಡುಗ ಹೆದರಿದ್ದ, ಹೆದರಿದವನಿಗೆ ಮಗ್ಗಿ ನೆನಪಾಗುವುದಿಲ್ಲ’ ಎಂಬುದು ಬಂದು ಕೂರುತ್ತದೆ. ಎರಡನೆಯದೇ ಸತ್ಯಕ್ಕೆ ಹೆಚ್ಚು ಹತ್ತಿರ ಅಲ್ಲವೇ? ಇದನ್ನು ಯೂಟ್ಯೂಬ್ ನೋಡಿ ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ತರಬೇತಿ ಪಡೆದವರ ಎದುರೇ ಆಗಬೇಕು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯವೋ ತೀವ್ರ ಹಿಂಸೆಯೋ ಆಗಿದ್ದವರಿಗೆ ಇದರ ಕ್ರಮವೇ ಬೇರೆ, ವೇಗವೂ ಬೇರೆ.

ಈಗ ತಂದೆಯವರ ವಿಷಯ. ‘ಅವರು ಕೆಟ್ಟವರಲ್ಲ’ ಎಂದಿದ್ದೀರಿ. ನಂಬುತ್ತೇನೆ. ತೊಂಬತ್ತರ ದಶಕದಲ್ಲಿ ಸಣ್ಣ ಊರಿನಲ್ಲಿ ಉದ್ರಿ ಪುಸ್ತಕ ಇಟ್ಟುಕೊಂಡು ಇಬ್ಬರು ಗಂಡುಮಕ್ಕಳನ್ನು ಓದಿಸಿದವರು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದರೆ ತನ್ನ ಹಾಗೆ ತಕ್ಕಡಿ ಹಿಡಿಯಬೇಕಾಗುತ್ತದೆ ಎಂಬ ದಿಗಿಲು ಅವರಿಗಿದ್ದಿರಬಹುದು; ಅವಮಾನ ಮಾಡಿದರೆ ಛಲ ಬರುತ್ತದೆ ಎಂದು ಆ ತಲೆಮಾರು ಮನಸಾರೆ ನಂಬಿತ್ತು. ಶಾಲೆಯ ಮೇಷ್ಟ್ರುಗಳೂ ನಂಬಿದ್ದರು. ಅವರು ಕೆಟ್ಟವರಲ್ಲ ಎಂಬುದೂ ನಿಜ, ಅವರು ಮಾಡಿದ್ದು ನಿಮಗೆ ನೋವು ಮಾಡಿತು ಎಂಬುದೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಅಳಿಸಬೇಕಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಬಹುಪಾಲು ಜನ ಮೊದಲ ಸೆಷನ್ನಿನಲ್ಲೇ ಅಪ್ಪ ಅಮ್ಮನ ಪರ ವಕಾಲತ್ತು ಶುರು ಮಾಡುತ್ತಾರೆ. ನಡೆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಅವರಿಗೆಷ್ಟು ಕಷ್ಟವಿತ್ತೆಂದು ಹತ್ತು ವಾಕ್ಯ ಹೇಳುತ್ತಾರೆ. ಅದರಲ್ಲಿ ಪ್ರೀತಿ ಇದೆ. ಆದರೆ ನೋವನ್ನು ಮುಟ್ಟದೆ ದಾಟಿಹೋಗುವ ಉಪಾಯವೂ ಅದರಲ್ಲಿದೆ. ಕ್ಷಮೆಗೆ ಅವಸರ ಬೇಡ. ಮೊದಲು ಹುಡುಗನ ಮಾತು ಪೂರ್ತಿ ಕೇಳಿಸಿಕೊಳ್ಳಿ, ಅಪ್ಪನ ಸರದಿ ಆಮೇಲೆ ತಾನಾಗಿ ಬರುತ್ತದೆ.

ತಂದೆಯವರನ್ನು ಕೂರಿಸಿಕೊಂಡು ಲೆಕ್ಕ ಕೇಳಬೇಕೇ? ಅಗತ್ಯವಿಲ್ಲ. ಚಿಕಿತ್ಸೆ ಫಲಿಸಲು ಅವರು ತಪ್ಪೊಪ್ಪಬೇಕಿಲ್ಲ, ಅವರಿಗೆ ಗೊತ್ತೇ ಆಗಬೇಕಿಲ್ಲ. 74ರ ಹಿರಿಯರಿಗೆ ಆ ದಿನಗಳು ಬೇರೆಯೇ ಆಗಿ ನೆನಪಿರಬಹುದು, ‘ನಾನು ಗದರಿದ್ದಕ್ಕೇ ನೀನು ಮ್ಯಾನೇಜರಾದೆ’ ಎಂದರೆ ನಿಮಗೆ ಇನ್ನೂ ಕಷ್ಟ. ಆದರೆ ಅವರು ಇವತ್ತು ನಿಮ್ಮ ಮನೆಯಲ್ಲಿ, ನಿಮ್ಮ ಮಗಳೆದುರು ಅದೇ ಮಾತಾಡಿದರೆ ಸುಮ್ಮನಿರಬೇಡಿ. ‘ಅಪ್ಪಾ, ಅವಳ ಲೆಕ್ಕ ನಾನು ನೋಡ್ಕೋತೀನಿ, ನೀವು ಬಿಡಿ’ ಎಂದು ದನಿ ಏರಿಸದೆ ಹೇಳಬಹುದು. ಮರ್ಯಾದೆಗೆ ಕುಂದು ಬರುವುದಿಲ್ಲ.

ಮಗಳ ವಿಷಯಕ್ಕೆ ಥೆರಪಿಯವರೆಗೂ ಕಾಯಬೇಡಿ. ಇವತ್ತೇ ಆಗಬೇಕಾದದ್ದು ಅದು. ಅವಳ ಪಕ್ಕ ಕೂತು, ‘ಆವತ್ತು ನಾನು ಕೂಗಿದ್ದು ತಪ್ಪು ಪುಟ್ಟಿ. ನಿನ್ನ ಮಾರ್ಕ್ಸಿಗೂ ನನ್ನ ಕೋಪಕ್ಕೂ ಸಂಬಂಧ ಇರಲಿಲ್ಲ’ ಎನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ ಸ್ವಲ್ಪ ಗಮನ ಕೊಡಬೇಕು’ ಎಂದು ಬಾಲ ಸೇರಿಸಿದರೆ ಅವಳಿಗೆ ಕೇಳಿಸುವುದು ಬಾಲ ಮಾತ್ರ. ತಂದೆತಾಯಿ ಎಂದೂ ತಪ್ಪಬಾರದು ಎಂದೇನಿಲ್ಲ. ಸಾಕಷ್ಟು ಒಳ್ಳೆಯ ತಾಯಿ ಇದ್ದರೆ ಸಾಕು, ಪರಿಪೂರ್ಣ ತಾಯಿ ಬೇಡ ಎಂದು ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಹೇಳಿದ್ದರು. ಅಪ್ಪಂದಿರಿಗೂ ಅದು ಸಲ್ಲುತ್ತದೆ. ದೊಡ್ಡವರ ಕೋಪ ತನ್ನ ತಪ್ಪಲ್ಲ ಎಂದು ನಿಮ್ಮ ಬಾಯಿಂದ ಕೇಳಿದ ಮಗು, ನೀವು ಎಂಟನೇ ವಯಸ್ಸಿನಲ್ಲಿ ಕೈಗೊಂಡ ತೀರ್ಮಾನಕ್ಕೆ ಸುಲಭವಾಗಿ ಬರುವುದಿಲ್ಲ.

ಇಲ್ಲಿ ಪಕ್ಕಕ್ಕೆ ಸರಿದು, ನಿಮಗಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಎಲ್ಲರ ಕೀಳರಿಮೆಯೂ ಮನೆಯಲ್ಲೇ ಹುಟ್ಟುವುದಿಲ್ಲ. ಜಾತಿಯ ಕಾರಣಕ್ಕೆ ಬೇರೆ ಲೋಟ ಕಂಡವರಿದ್ದಾರೆ, ಬಣ್ಣದ ಬಗ್ಗೆ ದಿನವೂ ಕೇಳಿಸಿಕೊಂಡವರಿದ್ದಾರೆ, ಕನ್ನಡ ಮೀಡಿಯಂನಿಂದ ಬಂದು ಬೆಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷಿಗೆ ನಗಿಸಿಕೊಂಡವರಿದ್ದಾರೆ. ಅಂಥವರ ಅನುಭವವನ್ನು ‘ನಿಮ್ಮ ಆಲೋಚನೆಯ ದೋಷ’ ಎಂದು ತಿದ್ದಲು ಹೊರಡುವ ಥೆರಪಿಸ್ಟ್ ಸಿಕ್ಕರೆ ಎದ್ದು ಬನ್ನಿ. ದೋಷ ಇದ್ದದ್ದು ಎದುರಿನಲ್ಲಿ. ಅದನ್ನು ಹಾಗೆಂದು ಮೊದಲು ಒಪ್ಪಿಕೊಂಡ ಮೇಲೇ ಉಳಿದ ಕೆಲಸ.

ಎಲ್ಲಿಗೆ, ಯಾರ ಬಳಿ? ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರು, ಆದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಕೊಡುವ ನೋಂದಣಿ ಸಂಖ್ಯೆ ಇರಬೇಕು. ಕೇಳಿ ನೋಡಿ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೆಯುವವರು ಅವರು. ಆಪ್ತಸಮಾಲೋಚಕರು ಎಂದು ಬೋರ್ಡು ಹಾಕಿಕೊಂಡವರಲ್ಲಿ ಒಳ್ಳೆಯವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇದ್ದಾರೆ. ಏನು ಓದಿದ್ದೀರಿ, ಯಾವ ಪದ್ಧತಿಯಲ್ಲಿ ತರಬೇತಿ ಆಗಿದೆ ಎಂದು ವಿಚಾರಿಸಿ. ನಿಮಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಶುರು ಮಾಡಬಹುದು, ಖರ್ಚು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಣ್ಣ ಊರು, ಬ್ಯಾಂಕ್ ಮ್ಯಾನೇಜರ್, ಯಾರಾದರೂ ನೋಡಿದರೆ ಎಂಬ ಅಳುಕು ನಿಮಗಿದ್ದೇ ಇರುತ್ತದೆ. ಪತ್ರದಲ್ಲಿ ಬರೆದಿಲ್ಲವಷ್ಟೇ. ವಿಡಿಯೊ ಕರೆಯಲ್ಲಿ ಸೆಷನ್ ತೆಗೆದುಕೊಳ್ಳುವವರು ಈಗ ಬಹಳ ಜನ ಇದ್ದಾರೆ, ನಿಮ್ಮ ಸಮಸ್ಯೆಗೆ ಅದು ನಡೆಯುತ್ತದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವ ಜಾಗ ಇಲ್ಲದಿದ್ದರೆ ಕಾರು ಮರದ ನೆರಳಿಗೆ ನಿಲ್ಲಿಸಿಕೊಂಡು ಮಾತಾಡುವವರೂ ಇದ್ದಾರೆ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿದೆ ಎನ್ನುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ, ಅದನ್ನು ಮೊದಲ ದಿನವೇ ನಿಮಗೆ ತಿಳಿಸಬೇಕು.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು? ‘ತಲೇಲಿ ಮಣ್ಣು’ ಎಂಬ ದನಿ ಪೂರ್ತಿ ಅಳಿಸಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಡಿಟ್ ದಿನ ಅದು ಮತ್ತೆ ಬರಬಹುದು. ಬಂದಾಗ ಅದನ್ನು ಆದೇಶ ಎಂದು ತಿಳಿದು ಫೈಲ್ ಬಿಚ್ಚಿ ಕೂರುತ್ತೀರೋ, ‘ಬಂತು ನೋಡು’ ಎಂದು ಬೀಗ ಹಾಕಿ ಮನೆಗೆ ಹೊರಡುತ್ತೀರೋ ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. ನಡುವೆ ಕೆಲವು ವಾರ ಮೊದಲಿಗಿಂತ ಕಷ್ಟವೆನಿಸುವುದೂ ಉಂಟು, ಬಹಳ ಜನ ಕೈಬಿಡುವುದು ಆಗಲೇ. ಆರೆಂಟು ಸೆಷನ್ ಆದ ಮೇಲೂ ಏನೂ ಅಲುಗಿಲ್ಲ ಎನಿಸಿದರೆ ಬೇರೆಯವರ ಬಳಿ ಹೋಗುವುದು ತಪ್ಪಲ್ಲ. ಆದರೆ ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ‘ನನಗೆ ಉಪಯೋಗ ಆಗ್ತಿಲ್ಲ ಅನ್ನಿಸ್ತಿದೆ’ ಎಂದು ಎದುರಿಗೇ ಹೇಳಿ, ಯಾರ ಬಳಿ ಹೋದರೆ ಒಳ್ಳೆಯದೆಂದು ಅವರನ್ನೇ ಕೇಳಿ. ಅವರೇ ಹೆಸರು ಸೂಚಿಸುತ್ತಾರೆ, ಬೇಕಾದರೆ ಇದುವರೆಗೆ ಆದ ಕೆಲಸದ ಟಿಪ್ಪಣಿಯನ್ನೂ ಬರೆದುಕೊಡುತ್ತಾರೆ.